18 ಕೆ.ಜಿ ಡ್ರೈ ರಾಕ್, ಒಂದು ನೀಲಿ ಡ್ರಮ್, ಒಂಬತ್ತು ವಾರ

ಉಪ್ಪುನೀರಿನ ಮೀನು, ಹವಳ ಸಾಕುವ ಗಾಜಿನ ತೊಟ್ಟಿಗೆ ಒಣಕಲ್ಲು, ಅಂದರೆ ಡ್ರೈ ರಾಕ್, ಸಿದ್ಧಪಡಿಸುವ ಕೆಲಸ ಇದು. ನೀರಿನ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಮನೆ ಮಾಡುವುದು ಈ ಕಲ್ಲಿನ ತೂತುಗಳಲ್ಲಿ. ತೊಟ್ಟಿ ಮೂರು ಅಡಿಯದು, 90 × 45 × 50 ಸೆಂ.ಮೀ. ಅಂಚಿನವರೆಗೆ ತುಂಬಿದರೆ 200 ಲೀಟರ್ ಚಿಲ್ಲರೆ. ಕಲ್ಲು, ಮರಳು ಕೂತ ಮೇಲೆ ನೀರಿಗೆ ಉಳಿಯುವುದು 160ರ ಆಸುಪಾಸು. ಕಲ್ಲು 18 ಕೆ.ಜಿ. ಅದರಲ್ಲಿ 11 ಕೆ.ಜಿ, ಮುಚ್ಚಿಹೋದ ಉಪ್ಪುನೀರಿನ ತೊಟ್ಟಿಯೊಂದರಿಂದ ಬಂದು ಗೋಣಿಚೀಲದಲ್ಲಿ ಒಣಗಿ ಕೂತಿದ್ದ ಹಳೆಕಲ್ಲು. ಉಳಿದ 7 ಕೆ.ಜಿ ಗಣಿಯಿಂದ ಅಗೆದು ತೆಗೆದ ಹೊಸಕಲ್ಲು. ಗ್ಯಾಲನ್ನಿಗೆ ಒಂದು ಪೌಂಡ್, ಅಂದರೆ ಲೀಟರಿಗೆ ಸುಮಾರು 120 ಗ್ರಾಂ ಎಂಬ ಹಳೆ ಲೆಕ್ಕ ಹಿಡಿದರೆ 24 ಕೆ.ಜಿ ಬೇಕು. ತೂತು ಜಾಸ್ತಿ ಇರುವ ಹಗುರ ಕಲ್ಲಾದರೆ ಅಷ್ಟು ಬೇಡ, ಮೀನಿಗೆ ಈಜಲು ಜಾಗವೂ ಬೇಕಲ್ಲ.

ಎರಡೂ ಬಗೆಯ ಕಲ್ಲನ್ನು ಒಟ್ಟಿಗೆ ಡ್ರಮ್ಮಿಗೆ ಸುರಿದು ಆ್ಯಸಿಡ್ ಹೊಯ್ಯುವುದು ಸಾಮಾನ್ಯವಾಗಿ ನಡೆಯುವ ಕೆಲಸ. ಇಲ್ಲಿ ಹಾಗೆ ಮಾಡಿಲ್ಲ. ಒಣಕಲ್ಲಿನಲ್ಲಿ ಇರಬಹುದಾದ ಕೊಳೆ ಎರಡು ಬಗೆ. ಒಂದು, ತೂತುಗಳೊಳಗೆ ಸತ್ತು ಒಣಗಿದ ಸ್ಪಂಜು, ಹುಳ, ಪಾಚಿ. ನೀರು ಬಿದ್ದೊಡನೆ ಇದು ಮತ್ತೆ ಕೊಳೆಯಲು ಶುರುವಾಗಿ ಅಮೋನಿಯ ಬಿಡುತ್ತದೆ. ಇನ್ನೊಂದು, ಸುಣ್ಣದ ಮೈಗೇ ಅಂಟಿಕೊಂಡ, ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ತಿಂಗಳುಗಟ್ಟಲೆ ಸೋರುತ್ತಲೇ ಇರುತ್ತದೆ. ಮೊದಲನೆಯದಕ್ಕೆ ಮದ್ದು ಬ್ಲೀಚ್, ಎರಡನೆಯದಕ್ಕೆ ಆ್ಯಸಿಡ್. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಯಾವ ಕಲ್ಲಿಗೆ ಯಾವುದು ಬೇಕು ಎಂಬುದನ್ನು ಹೇಳುವುದು ಬಕೆಟ್ ಪರೀಕ್ಷೆ. ಕಣ್ಣಿಗೆ ಎಲ್ಲ ಕಲ್ಲೂ ಬೆಳ್ಳಗೇ ಕಾಣುತ್ತದೆ.

ಯಾವ ಕಲ್ಲು ಬೇಡ

ಬೇಕಾದದ್ದು ತೂತುತೂತಾದ ಸುಣ್ಣದ ಕಲ್ಲು. ಒಣಗಿದ ಮೈಮೇಲೆ ಆ್ಯಸಿಡ್ ಒಂದು ಹನಿ ಬಿಟ್ಟರೆ ಚುರ್ ಎಂದು ನೊರೆ ಬರಬೇಕು. ಬೆಂಗಳೂರಿನ ಗ್ರಾನೈಟ್ ಇಲ್ಲಿಗೇ ಹೊರಬೀಳುತ್ತದೆ. ಶಹಾಬಾದ್ ಕಲ್ಲು ನೊರೆ ಬರಿಸುತ್ತದೆ, ಅದು ಸುಣ್ಣದ ಕಲ್ಲೇ, ಆದರೆ ಚಪ್ಪಡಿ ಚಪ್ಪಡಿಯಾಗಿ ಗಟ್ಟಿ. ಬ್ಯಾಕ್ಟೀರಿಯಾ ಮನೆ ಮಾಡಲು ಅದರಲ್ಲಿ ಒಳಜಾಗವೇ ಇಲ್ಲ. ಕರಾವಳಿಯವರಿಗೆ ಮುರಕಲ್ಲಿನ ಆಸೆ ಹುಟ್ಟುವುದು ಸಹಜ. ತೂತೇನೋ ಚೆನ್ನಾಗಿದೆ, ಆದರೆ ಅದು ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಜೇಡಿಕಲ್ಲು. ನೀರಿನಲ್ಲಿ ಕೆಂಪು ರಾಡಿ ಬಿಡುತ್ತಲೇ ಇರುತ್ತದೆ.

ಕಡಲತೀರದಲ್ಲಿ ಸಿಕ್ಕ ಹವಳದ ತುಂಡು, ಲಕ್ಷದ್ವೀಪದಿಂದಲೋ ಮುರ್ಡೇಶ್ವರದೆದುರಿನ ನೇತ್ರಾಣಿಯಿಂದಲೋ ತಂದ ‘ಸತ್ತ ಹವಳ’, ಇವ್ಯಾವೂ ಬೇಡ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪರಿಚ್ಛೇದದಲ್ಲಿವೆ. ಸತ್ತಿದೆ ಎಂಬುದು ಅಲ್ಲಿ ಸಬೂಬಲ್ಲ. ನೆಲದಡಿಯಿಂದ ಅಗೆದ ಪಳೆಯುಳಿಕೆ ಕಲ್ಲು ಅಥವಾ ತೊಟ್ಟಿಗಾಗಿಯೇ ಸುಟ್ಟು ಮಾಡಿದ ಸೆರಾಮಿಕ್ ಕಲ್ಲಾದರೆ ಈ ತಲೆನೋವಿಲ್ಲ.

ಹಳೆಕಲ್ಲು ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿದರೆ ಸಾಕು: ಆ ತೊಟ್ಟಿಗೆ ಎಂದಾದರೂ ತಾಮ್ರದ ಔಷಧಿ ಹಾಕಿದ್ದುಂಟೇ? ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕುವ ತಾಮ್ರ ಸುಣ್ಣದ ಮೈಗೆ ಅಂಟಿ ಕೂರುತ್ತದೆ. ಸೀಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ಉತ್ತರ ಹೌದು ಎಂದಾದರೆ, ಗೊತ್ತಿಲ್ಲ ಎಂದಾದರೂ, ಬಿಟ್ಟುಬಿಡುವುದು ಒಳ್ಳೆಯದು.

1ನೇ ವಾರ: ಒಡೆಯುವುದು, ಬಕೆಟ್ ಪರೀಕ್ಷೆ

ಒಡೆಯುವ ಕೆಲಸ ಮೊದಲು, ತೊಳೆಯುವುದು ಆಮೇಲೆ. ತೊಳೆದ ಮೇಲೆ ಒಡೆದರೆ ಒಳಗಿನ ಕೊಳೆ ಹೊಸದಾಗಿ ಹೊರಬರುತ್ತದೆ, ಮಾಡಿದ್ದೆಲ್ಲ ಇನ್ನೊಮ್ಮೆ. ಉಳಿ ಸುತ್ತಿಗೆಯಲ್ಲಿ ಒಡೆಯುವಾಗ ಕಲ್ಲನ್ನು ಮರಳಿನ ಚೀಲದ ಮೇಲಿಟ್ಟರೆ ಬೇಕಾದ ಗೆರೆಯಲ್ಲಿ ಸೀಳುತ್ತದೆ, ಸಿಮೆಂಟ್ ನೆಲದ ಮೇಲಿಟ್ಟರೆ ಚೂರುಚೂರು. ಕನ್ನಡಕ, ಮಾಸ್ಕ್, ಗ್ಲೌಸ್ ಮೂರೂ ಬೇಕು. ಹಳೆಕಲ್ಲಿಗೆ ಗುಂಡಿ ಹವಳ, ಅಂದರೆ ಜೋಆಂಥಿಡ್, ಅಂಟಿರಬಹುದು. ಅದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿರುವುದುಂಟು, ಒಣಗಿದರೂ ಹೋಗುವುದಿಲ್ಲ. ಇದೇ ಕಾರಣಕ್ಕೆ ಕಲ್ಲನ್ನು ಎಂದಿಗೂ ಕುದಿಸಬಾರದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ತೊಟ್ಟಿಯ ಹವಳ ಶುಚಿ ಮಾಡಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದ್ದರು. ‘ಬಿಸಿನೀರಲ್ಲಿ ಕುದಿಸಿದರೆ ಎಲ್ಲ ಸಾಯುತ್ತೆ ಬಿಡಿ’ ಎನ್ನುವವರ ಮಾತು ಕೇಳಬೇಡಿ.

ಒಡೆದ ಕಲ್ಲನ್ನು ಗಟ್ಟಿ ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಪೈಪಿನ ನೀರಿನ ರಭಸಕ್ಕೆ ಹಿಡಿದು ತೊಳೆಯಬೇಕು. ತಂತಿ ಬ್ರಷ್ ಬೇಡ, ಕಬ್ಬಿಣದ ಎಳೆ ಮುರಿದು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಬಕೆಟ್. ಎರಡು 20 ಲೀಟರ್ ಬಕೆಟ್, ಪ್ರತಿಯೊಂದರಲ್ಲೂ 10 ಲೀಟರ್ ಉಪ್ಪುನೀರು. ಒಂದರಲ್ಲಿ 4 ಕೆ.ಜಿ ಹಳೆಕಲ್ಲು, ಇನ್ನೊಂದರಲ್ಲಿ 4 ಕೆ.ಜಿ ಹೊಸಕಲ್ಲು, ತಲಾ ಒಂದು ಚಿಕ್ಕ ಪಂಪ್. ಉಪ್ಪು 35 ಪಿಪಿಟಿ (ಸಾವಿರದಲ್ಲಿ 35 ಪಾಲು), ಸಾಂದ್ರತೆಯಲ್ಲಿ 1.026. ನೀರು ಆರ್‌ಓ ನೀರೇ ಆಗಬೇಕು. ಅಡುಗೆಮನೆಯ ಆರ್‌ಓ ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಚಿಕ್ಕ ತಿರುಪು ಇರುತ್ತದೆ. ರುಚಿಗೆಂದು ಅದು ಒಂದಿಷ್ಟು ಬೋರ್‌ವೆಲ್ ನೀರನ್ನು ಹಾಗೆಯೇ ಬೆರೆಸುತ್ತದೆ. ಅದನ್ನು ಪೂರ್ತಿ ಮುಚ್ಚಿ, ಮಿನರಲ್ ಕಾರ್ಟ್ರಿಜ್ ಇದ್ದರೆ ಅದಕ್ಕಿಂತ ಮುಂಚಿನ ಪೈಪಿನಿಂದ ನೀರು ಹಿಡಿಯಬೇಕು. ಕೊನೆಗೆ, ಉಳಿದ ಲವಣ ಹೀರುವ ಡಿಐ ರೆಸಿನ್ ಸೇರಿಸಿ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, ಸೊನ್ನೆಗೆ ತಂದರೆ ಇನ್ನೂ ಮೇಲು. ಇಲ್ಲವಾದರೆ ಬೋರ್‌ವೆಲ್ಲಿನ ಕೊಳೆ ಅಳೆದು ಕಲ್ಲಿನ ತಲೆಗೆ ಕಟ್ಟಿದಂತಾಗುತ್ತದೆ.

ಮೂರನೇ ದಿನ ಅಮೋನಿಯ, ಏಳನೇ ದಿನ ಫಾಸ್ಫೇಟ್. ಅಮೋನಿಯ ಹೊರಗಿನಿಂದ ಹಾಕಿಲ್ಲದಿದ್ದರೂ 0.5 ಪಿಪಿಎಂ (ಹತ್ತು ಲಕ್ಷದಲ್ಲಿ ಅರ್ಧ ಪಾಲು) ದಾಟಿದರೆ ಒಳಗೆ ಕೊಳೆಯುವ ಸರಕಿದೆ, ಬ್ಲೀಚ್ ಬೇಕು. ಫಾಸ್ಫೇಟ್ 0.1 ಪಿಪಿಎಂ ಒಳಗಿದ್ದರೆ ಆ್ಯಸಿಡ್ ಗೋಜಿಗೇ ಹೋಗುವುದು ಬೇಡ. ಅದಕ್ಕಿಂತ ಮೇಲಿದ್ದರೆ ಪೂರ್ತಿ ನೀರು ಚೆಲ್ಲಿ, ಹೊಸ ಉಪ್ಪುನೀರು ತುಂಬಿ, ಮತ್ತೆ ಒಂದು ವಾರ ಬಿಟ್ಟು ಅಳೆಯಿರಿ. ಎರಡನೇ ಸಲ ಅಂಕ ಕೆಳಗೇ ಉಳಿದರೆ ಅದು ಬರೀ ಮೇಲಿನ ಧೂಳು, ಹೋಯಿತು. ಮತ್ತೆ ಹೆಚ್ಚುಕಡಿಮೆ ಅದೇ ಅಂಕಕ್ಕೆ ಏರಿದರೆ ಫಾಸ್ಫೇಟ್ ಕಲ್ಲಿನ ಮೈಯಲ್ಲೇ ಸೇರಿದೆ ಎಂದರ್ಥ. ನೀರು ಬದಲಿಸುತ್ತ ಕೂತರೆ ಉಪ್ಪಿನ ದುಡ್ಡು ಹೋಗುವುದೇ ಹೊರತು ಅದು ಮುಗಿಯುವುದಿಲ್ಲ. ಈ ಎರಡನೇ ಅಳತೆಯನ್ನು ಬಿಟ್ಟುಬಿಡುವುದೇ ಹೆಚ್ಚಿನವರ ತಪ್ಪು.

ಅಳೆಯಲು ಹ್ಯಾನಾ ಕಂಪನಿಯ ಚಿಕ್ಕ ಚೆಕ್ಕರ್ ಅನುಕೂಲ. ಒಂದು ಎಚ್ಚರಿಕೆ: ಎಚ್‌ಐ 736 ಮಾದರಿ ತೋರಿಸುವುದು ಫಾಸ್ಫರಸ್, ಅದೂ ಪಿಪಿಬಿಯಲ್ಲಿ, ಅಂದರೆ ಪಿಪಿಎಂನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಬಂದ ಅಂಕವನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. 33 ಬಂದರೆ 0.1.

ಈ ಸರದಿಯಲ್ಲಿ ಹೊಸಕಲ್ಲು ಎರಡರಲ್ಲೂ ಪಾಸು. ಅದಕ್ಕೆ ತೊಳೆತ ಬಿಟ್ಟು ಬೇರೇನೂ ಇಲ್ಲ. ಹಳೆಕಲ್ಲು ಎರಡರಲ್ಲೂ ಫೇಲು. ಮುಂದಿನ ಎರಡು ಘಟ್ಟ 11 ಕೆ.ಜಿಗೆ ಮಾತ್ರ.

2–3ನೇ ವಾರ: ಬ್ಲೀಚ್

ಡ್ರಮ್ಮಿನ ಬಗ್ಗೆ ಒಂದು ಮಾತು. 120 ಲೀಟರಿನ ನೀಲಿ ಡ್ರಮ್ ಸೆಕೆಂಡ್‌ಹ್ಯಾಂಡ್ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಮೊದಲು ಏನಿತ್ತು ಎಂಬ ಚೀಟಿ ನೋಡಿ. ಸೋಪಿನ ದ್ರಾವಣ, ಕೀಟನಾಶಕ ಇದ್ದದ್ದು ಬೇಡ. ಮಾವಿನ ತಿರುಳು ಬಂದಿದ್ದ, ಬಾಯಿ ಪೂರ್ತಿ ತೆರೆಯುವ ಡ್ರಮ್ ಸಿಕ್ಕರೆ ಅದೃಷ್ಟ.

40 ಲೀಟರ್ ನಲ್ಲಿ ನೀರಿಗೆ 4 ಲೀಟರ್ ಬ್ಲೀಚ್, ಅಂದರೆ 4ರಿಂದ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಪರಿಮಳ ಸೇರಿಸಿದ್ದು, ಮಂದವಾಗಿ ಜಾರುವಂಥದ್ದು ಬೇಡ, ಅದರಲ್ಲಿ ಸಾಬೂನಿರುತ್ತದೆ. ಬ್ಲೀಚಿಂಗ್ ಪೌಡರ್ ಅಗ್ಗ ನಿಜ, ಆದರೆ ಅದರ ಸುಣ್ಣದ ಗಸಿ ತೂತುಗಳನ್ನು ಮುಚ್ಚುತ್ತದೆ. ಹಳೆಯ ಪಂಪ್ ಒಂದನ್ನು ಒಳಗೆ ಓಡಿಸಬೇಕು, ಇಲ್ಲದಿದ್ದರೆ ಒಳತೂತಿಗೆ ಬ್ಲೀಚ್ ಹೋಗುವುದೇ ಇಲ್ಲ. ಮುಚ್ಚಳ ಸಡಿಲವಾಗಿ, ನೆರಳಿನಲ್ಲಿ. ಬಿಸಿಲಿಗೆ ಬ್ಲೀಚ್ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಮೊದಲ ಕೆಲವು ಗಂಟೆಯಲ್ಲಿ ಮೇಲೆ ಕಂದು ನೊರೆ ಕಟ್ಟುತ್ತದೆ, ನೀರು ತಿಳಿಚಹಾದ ಬಣ್ಣಕ್ಕೆ ತಿರುಗುತ್ತದೆ. ಎರಡನೇ ದಿನ ಬ್ಲೀಚಿನ ವಾಸನೆ ಪೂರ್ತಿ ಹೋಗಿದ್ದರೆ ಕೊಳೆ ಅದನ್ನು ತಿಂದು ಮುಗಿಸಿದೆ. ಚೆಲ್ಲಿ ಇನ್ನೊಮ್ಮೆ ಅದೇ ಪ್ರಮಾಣ. ಐದು ದಿನವಾದರೂ ವಾಸನೆ ಉಳಿದಿದ್ದರೆ ಕೆಲಸ ಮುಗಿಯಿತು.

ಚೆಲ್ಲುವ ಮುನ್ನ ಕ್ಲೋರಿನ್ ಕೊಲ್ಲಬೇಕು. ಸೋಡಿಯಂ ಥಯೋಸಲ್ಫೇಟ್ ಹರಳು, 100 ಲೀಟರಿನಲ್ಲಿ ಪ್ರತಿ 1 ಪಿಪಿಎಂ ಕ್ಲೋರಿನ್‌ಗೆ 0.7 ಗ್ರಾಂ. ಆಮೇಲೆ ಹೊಸ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಈಜುಕೊಳದವರು ಬಳಸುವ ಕ್ಲೋರಿನ್ ಹನಿ ಹಾಕಿ ನೋಡಿ. ಹಳದಿ ಬಂದರೆ ಮತ್ತೆ ಥಯೋಸಲ್ಫೇಟ್. ಬಣ್ಣವಿಲ್ಲದೆ ನಿಂತ ಮೇಲೆ ಎರಡು ಸಲ ಬರೀ ನೀರಿನಲ್ಲಿ ಜಾಲಿಸಿ, ಸುಡುಬಿಸಿಲಿನಲ್ಲಿ ನಾಲ್ಕು ದಿನ ಒಣಗಿಸಬೇಕು. ಮಳೆಗಾಲದಲ್ಲಿ ಈ ನಾಲ್ಕು ದಿನ ಹನ್ನೆರಡಾದರೂ ಆಶ್ಚರ್ಯವಿಲ್ಲ.

ಈ ಒಣಗಿಸುವಿಕೆಯನ್ನು ಹಾರಿಸುವುದು ಅಪಾಯ. ಬ್ಲೀಚ್ ಉಳಿದ ಕಲ್ಲಿಗೆ ಆ್ಯಸಿಡ್ ತಾಗಿದರೆ ಹೊರಡುವುದು ಕ್ಲೋರಿನ್ ಅನಿಲ, ಶ್ವಾಸಕೋಶ ಸುಡುವಂಥದ್ದು. ಥಯೋಸಲ್ಫೇಟ್ ಉಳಿದಿದ್ದರೂ ತೊಂದರೆಯೇ. ಆ್ಯಸಿಡ್ ತಾಗಿದೊಡನೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಗಂಧಕ; ಜೊತೆಗೆ ಮೂಗು ಕಟ್ಟುವ ಸಲ್ಫರ್ ಡೈಆಕ್ಸೈಡ್. ಆದ್ದರಿಂದಲೇ ಎರಡು ಸಲ ಜಾಲಿಸುವುದು.

4ನೇ ವಾರ: ಆ್ಯಸಿಡ್

ಬೇಕಾದದ್ದು ಹೈಡ್ರೋಕ್ಲೋರಿಕ್ ಆ್ಯಸಿಡ್, ಸುಮಾರು 33 ಶೇಕಡಾದ್ದು, ಕೆಮಿಕಲ್ ಅಂಗಡಿಯಿಂದ. ಬಚ್ಚಲು ತೊಳೆಯುವ ಬಾಟಲಿಯಲ್ಲಿ ಬಣ್ಣವೂ ಸಾಬೂನೂ ಬೆರೆತಿರುತ್ತದೆ, ಬೇಡ. ಬೇರೆ ಆ್ಯಸಿಡ್ ಯಾಕಾಗದು ಎಂದು ಕೇಳುವವರಿದ್ದಾರೆ. ಬ್ಯಾಟರಿಗೆ ಹಾಕುವ ಸಲ್ಫ್ಯೂರಿಕ್ ಆ್ಯಸಿಡ್ ಸುಣ್ಣದ ಮೈಮೇಲೆ ಜಿಪ್ಸಂ ಪದರ ಕಟ್ಟಿ ತೂತು ಮುಚ್ಚುತ್ತದೆ. ಸಿಟ್ರಿಕ್ ಆ್ಯಸಿಡ್ಡಿನದೂ ಅದೇ ಕಥೆ, ಕ್ಯಾಲ್ಸಿಯಂ ಸಿಟ್ರೇಟ್ ಬಿಳಿ ಹಿಟ್ಟಾಗಿ ಕೂರುತ್ತದೆ. ಫಾಸ್ಫಾರಿಕ್ ಆ್ಯಸಿಡ್ ಹಾಕಿದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ವಿನೆಗರ್ ಸುರಕ್ಷಿತ, ಆದರೆ ನಿಧಾನ. ಸರಿಯಾಗಿ ತೊಳೆಯದಿದ್ದರೆ ಉಳಿದ ಅಸಿಟೇಟ್ ತಿಂದು ಬ್ಯಾಕ್ಟೀರಿಯಾ ಉಕ್ಕಿ ನೀರು ಮೋಡ ಕಟ್ಟುತ್ತದೆ.

ಲೆಕ್ಕ ಹೀಗೆ. 33 ಶೇಕಡಾದ ಒಂದು ಲೀಟರ್ ಆ್ಯಸಿಡ್ ಸುಮಾರು 525 ಗ್ರಾಂ ಸುಣ್ಣವನ್ನು ಕರಗಿಸುತ್ತದೆ. 11 ಕೆ.ಜಿ ಕಲ್ಲಿನ ಮೇಲ್ಪದರ 7 ಶೇಕಡಾದಷ್ಟು ತೆಗೆಯಬೇಕೆಂದರೆ ಒಂದೂವರೆ ಲೀಟರ್. ಅಂಟಿದ ಫಾಸ್ಫೇಟಿನ ದೊಡ್ಡ ಪಾಲು ಹೊರಮೈಯಲ್ಲೇ ಇರುವುದರಿಂದ ಇಷ್ಟು ಸಾಮಾನ್ಯವಾಗಿ ಸಾಕು. ಹತ್ತು ಪಾಲು ನೀರಿಗೆ ಒಂದು ಪಾಲು ಆ್ಯಸಿಡ್ ಒಮ್ಮೆಗೇ ಹಾಕುವ ರೂಢಿಯಿದೆ. ಅದು ಬೇಡವೆಂದೇ ನಮ್ಮ ಅಭಿಪ್ರಾಯ. ನೊರೆ ಉಕ್ಕಿ ಡ್ರಮ್ಮಿನಿಂದ ಹೊರಗೆ ಬರುತ್ತದೆ, ಆ್ಯಸಿಡ್ಡಿನ ಬಹುಪಾಲು ಹೊರಮೂಲೆಗಳನ್ನು ತಿಂದು ಮುಗಿಯುತ್ತದೆ, ಒಳತೂತಿಗೆ ತಲಪುವುದೇ ಇಲ್ಲ. 40 ಲೀಟರ್ ನೀರಿನಲ್ಲಿ ಕಲ್ಲು ಮುಳುಗಿಸಿ, ಅರ್ಧರ್ಧ ಲೀಟರಿನಂತೆ ಮೂರು ಕಂತು.

ಜಾಗ ತಾರಸಿಯಾದರೆ ಸೋಲಾರ್ ಹೀಟರಿನಿಂದ, ಕಬ್ಬಿಣದ ಗ್ರಿಲ್ಲಿನಿಂದ, ಸ್ಕೂಟರಿನಿಂದ ದೂರ. ಆ್ಯಸಿಡ್ಡಿನ ಹಬೆಗೆ ಇವೆಲ್ಲ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತವೆ. ಸಿಮೆಂಟೂ ಮೊಸಾಯಿಕ್ಕೂ ಸುಣ್ಣವೇ, ಚೆಲ್ಲಿದರೆ ಅವೂ ಕರಗುತ್ತವೆ, ಹಾಗಾಗಿ ಡ್ರಮ್ಮಿನಡಿ ದಪ್ಪ ಟಾರ್ಪಾಲಿನ್. ಪಕ್ಕದಲ್ಲಿ ಒಂದು ಕೆ.ಜಿ ಅಡುಗೆ ಸೋಡಾ, ನೀರು ಓಡುತ್ತಿರುವ ಪೈಪ್. ಕನ್ನಡಕ, ಉದ್ದ ರಬ್ಬರ್ ಗ್ಲೌಸ್, ಪೂರ್ಣತೋಳಿನ ಹಳೆ ಅಂಗಿ. ಮಕ್ಕಳು, ಬೆಕ್ಕು, ನಾಯಿ ಯಾರೂ ಸುಳಿಯಬಾರದು. ಮುಚ್ಚಿದ ಬಚ್ಚಲಲ್ಲಿ ಈ ಕೆಲಸ ಬೇಡವೇ ಬೇಡ: ಒಂದೂವರೆ ಲೀಟರ್ ಆ್ಯಸಿಡ್ಡಿನಿಂದ 190 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ಗಾಳಿಗಿಂತ ಭಾರವಾದ್ದರಿಂದ ಕೆಳಗೇ ನಿಲ್ಲುತ್ತದೆ.

ನೀರಿಗೆ ಆ್ಯಸಿಡ್, ಆ್ಯಸಿಡ್ಡಿಗೆ ನೀರಲ್ಲ. ಪ್ಲಾಸ್ಟಿಕ್ ಜಗ್ಗಿನಿಂದ ಅಂಚಿಗೆ ಹಿಡಿದು ಸಣ್ಣಗೆ ಹೊಯ್ಯಬೇಕು. ಮೊದಲು ಸೋಡಾ ಬಾಟಲಿ ಬಿಚ್ಚಿದಂಥ ಸದ್ದು. ಆಮೇಲೆ ಕಲ್ಲಿನ ಒಂದೊಂದು ತೂತಿನಿಂದಲೂ ಸರಪಳಿಯಂತೆ ಗುಳ್ಳೆ ಏರುತ್ತವೆ, ಅವುಗಳ ಜೊತೆ ಒಳಗಿದ್ದ ಕಪ್ಪು ಚೂರು, ಹುಳದ ಒಣ ಕೊಳವೆ, ಹಳೆ ಮರಳು ಎಲ್ಲ ಹೊರಬಂದು ನೀರು ಬೂದಿಬಣ್ಣಕ್ಕೆ ತಿರುಗುತ್ತದೆ. ಗುಳ್ಳೆ ಪೂರ್ತಿ ನಿಂತ ಮೇಲೆ ಕಲ್ಲನ್ನು ಮಗುಚಿ ಹಾಕಿ ಎರಡನೇ ಕಂತು. ಮಗುಚದಿದ್ದರೆ ಕಲ್ಲು ಕಲ್ಲಿಗೆ ತಾಗಿದ ಕಡೆ ಹಳೆ ಪದರ ಹಾಗೆಯೇ ಉಳಿಯುತ್ತದೆ.

ಮೂರನೇ ಕಂತಿನ ಗುಳ್ಳೆಯೂ ನಿಂತಾಗ ಆ್ಯಸಿಡ್ ಬಹುಪಾಲು ಮುಗಿದಿರುತ್ತದೆ, ಕಲ್ಲೇ ಅದನ್ನು ತಿಂದುಹಾಕಿರುತ್ತದೆ. ಆದರೂ ಪಿಎಚ್ ಕಾಗದ ಅದ್ದಿ ನೋಡಿ, 6ಕ್ಕಿಂತ ಕೆಳಗಿದ್ದರೆ ಹಿಡಿ ಹಿಡಿಯಾಗಿ ಅಡುಗೆ ಸೋಡಾ, ನೊರೆ ಬರುವುದು ನಿಲ್ಲುವ ತನಕ. ಉಳಿದದ್ದು ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪಿನ ನೀರು. ಗಿಡದ ಬುಡಕ್ಕೆ ಬೇಡ, ಧಾರಾಳ ನೀರಿನ ಜೊತೆ ಚರಂಡಿಗೆ.

ಕಲ್ಲು ಒಣಗಿದ ಮೇಲೆ ತೂಗಿ. ಮೊದಲಿಗಿಂತ 700–800 ಗ್ರಾಂ ಕಡಿಮೆ ಬರಬೇಕು. 300 ಗ್ರಾಂ ಮಾತ್ರ ಇಳಿದಿದ್ದರೆ ಕೊಟ್ಟ ಆ್ಯಸಿಡ್ ಚೀಟಿಯಲ್ಲಿ ಬರೆದಷ್ಟು ಗಟ್ಟಿಯಿರಲಿಲ್ಲ.

ಮತ್ತೆ ಬಕೆಟ್ಟಿಗೆ 4 ಕೆ.ಜಿ, ಒಂದು ವಾರ, ಫಾಸ್ಫೇಟ್ ಅಳತೆ. 0.1ರಿಂದ 0.3ರ ನಡುವೆ ನಿಂತರೆ ಇನ್ನೊಂದು ಆ್ಯಸಿಡ್ ಸ್ನಾನಕ್ಕಿಂತ ಲ್ಯಾಂಥನಮ್ ಕ್ಲೋರೈಡ್ ವಾಸಿ. ಲ್ಯಾಂಥನಮ್ ಫಾಸ್ಫೇಟನ್ನು ಹಿಡಿದು ಬಿಳಿ ಗಸಿಯಾಗಿ ಬೀಳಿಸುತ್ತದೆ. 80 ಲೀಟರಿನಲ್ಲಿ 1 ಪಿಪಿಎಂ ಫಾಸ್ಫೇಟಿಗೆ ಲೆಕ್ಕದ ಪ್ರಕಾರ 0.3 ಗ್ರಾಂ ಹೆಪ್ಟಾಹೈಡ್ರೇಟ್ ಹರಳು. ಉಪ್ಪುನೀರಿನ ಕಾರ್ಬೊನೇಟೂ ಒಂದಿಷ್ಟು ತಿನ್ನುವುದರಿಂದ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ, ಕ್ಷಾರತೆಯೂ ಇಳಿಯುತ್ತದೆ. ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ, 10 ಮೈಕ್ರಾನ್ ಫಿಲ್ಟರ್ ಚೀಲದೊಳಕ್ಕೆ ಹನಿಹನಿಯಾಗಿ ಬೀಳುವಂತೆ, ಗಸಿ ಚೀಲದಲ್ಲೇ ಉಳಿಯುವಂತೆ. ಇದು ಡ್ರಮ್ಮಿನ ಕೆಲಸ. ಮೀನಿರುವ ತೊಟ್ಟಿಯಲ್ಲಿ ಆ ಗಸಿ ಕಿವಿರಿಗೆ ಹೋಗುತ್ತದೆ. ಕ್ಷಾರತೆ 8 ಡಿಕೆಎಚ್‌ಗಿಂತ ಇಳಿದರೆ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ ಒಂದು ಡಿಕೆಎಚ್ ಏರುತ್ತದೆ.

5ನೇ ವಾರ: ಜೋಡಣೆ

ತೊಟ್ಟಿಯ ತಳದಷ್ಟೇ ಅಳತೆಯ ರಟ್ಟು ಕತ್ತರಿಸಿ, ಸುತ್ತ 8 ಸೆಂ.ಮೀ ಗೆರೆ ಎಳೆದು, ಆ ಗೆರೆಯೊಳಗೇ ಕಲ್ಲು ಕೂರಿಸಬೇಕು. ಗಾಜು ಉಜ್ಜುವ ಆಯಸ್ಕಾಂತ ಓಡಾಡಲು ಅಷ್ಟು ಬೇಕೇ ಬೇಕು. ಎರಡು ಗುಡ್ಡ, ಒಂದು ದೊಡ್ಡದು ಒಂದು ಚಿಕ್ಕದು, ನಡುವೆ ಓಣಿ. ಅಂಟಿಸುವ ಮೊದಲು ಡ್ರಮ್ಮಿನ ಬಾಯಿ ಅಳೆಯಿರಿ. ಚೆಂದದ ಕಮಾನು ಕಟ್ಟಿ ಮುಗಿಸಿದ ಮೇಲೆ ಅದು ಒಳಗೇ ಹೋಗದೆ ಮತ್ತೆ ಒಡೆಯುವುದು ಈ ಕೆಲಸದಲ್ಲಿ ತೀರಾ ಮಾಮೂಲು.

ಭಾರ ಹೊರುವ ಬೆಸುಗೆಗೆ 8 ಮಿ.ಮೀ ಅಕ್ರಿಲಿಕ್ ಅಥವಾ ಫೈಬರ್‌ಗ್ಲಾಸ್ ಕಡ್ಡಿ. ಕಲ್ಲು ಕೊರೆಯುವ ಬಿಟ್‌ನಲ್ಲಿ, ಡ್ರಿಲ್ಲಿನ ಹ್ಯಾಮರ್ ಗುಂಡಿ ಬಂದ್ ಮಾಡಿ, ನೀರು ಚಿಮುಕಿಸುತ್ತ ಕೊರೆಯಬೇಕು. ಹ್ಯಾಮರ್ ಹಾಕಿದರೆ ತೂತುಕಲ್ಲು ಬಿಸ್ಕತ್ತಿನಂತೆ ಪುಡಿ. ಸ್ಟೇನ್‌ಲೆಸ್ ಕಡ್ಡಿಯೂ ಬೇಡ, ಉಪ್ಪುನೀರು ಅದನ್ನೂ ಬಿಡುವುದಿಲ್ಲ. ಚಿಕ್ಕ ಸಂದಿಗಳಿಗೆ ಸೂಪರ್ ಗ್ಲೂ ಜೆಲ್, ಮೇಲೆ ಅರಗೊನೈಟ್ ಎಂಬ ಸುಣ್ಣದ ಮರಳಿನ ಪುಡಿ ಉದುರಿಸಿದರೆ ಕ್ಷಣದಲ್ಲಿ ಗಟ್ಟಿ. ಆ ಹೊತ್ತಿಗೆ ಬಿಸಿಯಾಗಿ ಕಣ್ಣುರಿಸುವ ಹೊಗೆ ಬರುತ್ತದೆ, ಮುಖ ದೂರವಿರಲಿ. ಈ ಅಂಟು ಎಳೆತ ತಡೆಯುತ್ತದೆ, ಪಕ್ಕದ ಏಟು ತಡೆಯುವುದಿಲ್ಲ. ಹಾಗಾಗಿ ದೊಡ್ಡ ಬೆಸುಗೆಯ ಸುತ್ತ ಎರಡು ಭಾಗದ ಎಪಾಕ್ಸಿ ಕಟ್ಟು. ಒದ್ದೆಯಾದ, ಧೂಳು ಕೂತ ಮೈಗೆ ಇವು ಚೆನ್ನಾಗಿ ಹಿಡಿಯುವುದಿಲ್ಲ. ಮರುದಿನ ಮೇಲಿನ ಕಲ್ಲು ಹಿಡಿದು ಇಡೀ ಗುಡ್ಡವನ್ನು ಎತ್ತಿ ಒಮ್ಮೆ ಅಲುಗಿಸಿ. ಬೀಳುವುದಿದ್ದರೆ ರಟ್ಟಿನ ಮೇಲೇ ಬೀಳಲಿ, ಗಾಜಿನ ಮೇಲೆ ಬೇಡ.

5–9ನೇ ವಾರ: ಕತ್ತಲಲ್ಲಿ

ಹಳೆಯದು ಹೊಸದು ಎರಡೂ ಸೇರಿ ಈಗ ಡ್ರಮ್ಮಿಗೆ. 80 ಲೀಟರ್ ಆರ್‌ಓ ನೀರು, ಸುಮಾರು 3 ಕೆ.ಜಿ ಉಪ್ಪು, 35 ಪಿಪಿಟಿ. ಗಂಟೆಗೆ 2000–3000 ಲೀಟರಿನ ಪಂಪ್, 100 ವ್ಯಾಟ್ ಹೀಟರ್ 26 ಡಿಗ್ರಿಗೆ. ಹೀಟರನ್ನು ತೂತು ಕೊರೆದ ಪಿವಿಸಿ ಪೈಪಿನೊಳಗೆ ನೇತುಹಾಕಬೇಕು, ಡ್ರಮ್ಮಿನ ಮೈಗೆ ತಾಗಿದರೆ ಪ್ಲಾಸ್ಟಿಕ್ ಕರಗುತ್ತದೆ. ಮುಚ್ಚಳ ಹಾಕಿ, ಗಾಳಿಯಾಡಲು ಒಂದು ಬೆರಳು ಸಂದಿ. ಬೆಳಕಿಲ್ಲದಿದ್ದರೆ ಪಾಚಿ ಹುಟ್ಟುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಕಿಲ್ಲ. ಈ ಐದು ವಾರವನ್ನು ತೊಟ್ಟಿಯಲ್ಲಿ, ದೀಪದಡಿ ಕಳೆಯುವುದೆಂದರೆ ಖಾಲಿ ಗದ್ದೆಗೆ ಕಳೆಬೀಜ ಎರಚಿದ ಹಾಗೆ.

ಬ್ಯಾಕ್ಟೀರಿಯಾ ಬೆಳೆಯಲು ಅಮೋನಿಯ ಉಣಿಸಬೇಕು. ಅದಕ್ಕೆ ಸೀಗಡಿ ಕೊಳೆಸುವ ಪದ್ಧತಿ ಇದೆ. ನಾತ ಬೇರೆ, ಫಾಸ್ಫೇಟ್ ಬೇರೆ, ಮೂರು ವಾರ ತೊಳೆದದ್ದೆಲ್ಲ ವಾಪಸು. ಅಮೋನಿಯಂ ಕ್ಲೋರೈಡ್ ಚೊಕ್ಕ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ ಇದೇ, ಆದರೆ ಅವರ ಬಳಿಯ ಗಟ್ಟಿಯಲ್ಲಿ ಏನೇನು ಲೋಹ ಬೆರೆತಿದೆಯೋ. ಪ್ರಯೋಗಾಲಯ ದರ್ಜೆಯದೇ ತನ್ನಿ. ಒಂದು ಲೀಟರ್ ಆರ್‌ಓ ನೀರಿಗೆ 6 ಗ್ರಾಂ ಕರಗಿಸಿಟ್ಟರೆ ಲೆಕ್ಕ ಸಲೀಸು: ಡ್ರಮ್ಮಿನ ಪ್ರತಿ ಲೀಟರಿಗೆ 1 ಮಿ.ಲೀ ಹಾಕಿದರೆ 2 ಪಿಪಿಎಂ ಅಮೋನಿಯ. 80 ಲೀಟರಿಗೆ 80 ಮಿ.ಲೀ. 5 ಪಿಪಿಎಂ ದಾಟಿಸಬೇಡಿ, ಬೆಳೆಯಬೇಕಾದ ಬ್ಯಾಕ್ಟೀರಿಯಾವೇ ಕುಗ್ಗುತ್ತದೆ. ಬಾಟಲಿ ಬ್ಯಾಕ್ಟೀರಿಯಾ ಹಾಕುವುದಾದರೆ ಉಪ್ಪುನೀರಿಗೆಂದೇ ಮಾಡಿದ್ದು ಇರಲಿ. ಏಪ್ರಿಲ್ ಬಿಸಿಲಲ್ಲಿ ಕೊರಿಯರ್ ವ್ಯಾನಿನಲ್ಲಿ ನಾಲ್ಕು ದಿನ ಬೆಂದು ಬಂದ ಬಾಟಲಿಯನ್ನು ನಂಬುವುದು ಕಷ್ಟ.

ಮೊದಲು ಅಮೋನಿಯ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿದು ನೈಟ್ರೇಟ್ ಉಳಿಯುತ್ತದೆ. ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಸುಳ್ಳು ಹೇಳುತ್ತದೆ, ಹಲವು ಪಟ್ಟು ಹೆಚ್ಚು ತೋರಿಸುತ್ತದೆ. ಆ ಹೊತ್ತಿನಲ್ಲಿ ಅದನ್ನು ಅಳೆಯುವುದೇ ದಂಡ.

ಇಲ್ಲಿ ಸಿಕ್ಕಿಬೀಳುವ ಒಂದು ಜಾಗವಿದೆ. ನೈಟ್ರೈಟ್ ಏರಿ, ವಾರಗಟ್ಟಲೆ ಅಲ್ಲೇ ಗಟ್ಟಿ ನಿಂತುಬಿಡುತ್ತದೆ. ಆ್ಯಸಿಡ್, ಲ್ಯಾಂಥನಮ್ ಎಲ್ಲ ಕಂಡ ಕಲ್ಲಿನಲ್ಲಿ ಇದು ಹೆಚ್ಚು. ಕಾರಣ ಫಾಸ್ಫೇಟ್ ಸೊನ್ನೆ. ಬ್ಯಾಕ್ಟೀರಿಯಾಕ್ಕೂ ಮೈ ಬೆಳೆಸಲು ಚಿಟಿಕೆ ಫಾಸ್ಫೇಟ್ ಬೇಕು. ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ, 0.03 ಪಿಪಿಎಂ ಕಂಡರೆ ಸಾಕು, ನಿಂತ ಗಾಡಿ ಮತ್ತೆ ಹೊರಡುತ್ತದೆ.

ಒಮ್ಮೆ 2 ಪಿಪಿಎಂ ಹಾಕಿದರೆ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ; ಮರುದಿನ ಮತ್ತೆ ಹಾಕಿದರೂ ಹಾಗೆಯೇ. ಇಷ್ಟಾದರೆ ಕಲ್ಲು ಸಿದ್ಧ.

ತೊಟ್ಟಿಗೆ

ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಗಂಟೆಯೊಳಗೆ ತೊಟ್ಟಿಗೆ. ಡ್ರಮ್ಮಿನ ನೀರು ಬೇಡ, ಐದು ವಾರದ ನೈಟ್ರೇಟ್ ಅದರಲ್ಲಿದೆ. ಕಲ್ಲು ನೇರ ತಳದ ಗಾಜಿನ ಮೇಲೆ ಕೂರಬೇಕು, ಮರಳು ಆಮೇಲೆ ಸುತ್ತ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನೋ ಪಿಸ್ತೂಲು ಸೀಗಡಿಯೋ ಅಡಿಯಿಂದ ತೋಡಿ ಒಂದು ದಿನ ಗುಡ್ಡ ಮಗುಚುತ್ತದೆ.

ಇನ್ನೊಂದು ಬಲೆ ಮೊದಲ ಮೂರು ತಿಂಗಳಲ್ಲಿ. ಹೊಸ ಅರಗೊನೈಟ್ ಮೈ, ಅದರಲ್ಲೂ ಆ್ಯಸಿಡ್ ತೆಗೆದು ತಾಜಾ ಮಾಡಿದ ಮೈ, ಈಗ ತಾನಾಗಿಯೇ ನೀರಿನಿಂದ ಫಾಸ್ಫೇಟ್ ಹೀರುತ್ತದೆ. ಅಳತೆ 0.00 ಬರುತ್ತದೆ, ನೋಡಿದವರಿಗೆ ಖುಷಿ. ಎರಡು ವಾರದಲ್ಲಿ ಕಲ್ಲಿನ ಮೇಲೆ ಕಂದು ಲೋಳೆ, ಎಳೆಯ ತುದಿಯಲ್ಲಿ ಗಾಳಿಗುಳ್ಳೆ, ರಾತ್ರಿ ಕಡಿಮೆ, ಹಗಲು ಮತ್ತೆ ದಟ್ಟ. ಇದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಇರಬಹುದು. ಖಚಿತ ಮಾಡಿಕೊಳ್ಳಲು ಲೋಳೆಯನ್ನು ತೊಟ್ಟಿನೀರಿನ ಜೊತೆ ಬಾಟಲಿಯಲ್ಲಿ ಜೋರಾಗಿ ಕುಲುಕಿ, ಟಿಶ್ಯೂ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿಗಿಡಿ. ಗಂಟೆಯಲ್ಲಿ ಮತ್ತೆ ಎಳೆಯಾಗಿ ಕೂಡಿಕೊಂಡರೆ ಡೈನೋ. ಬರೀ ಕಂದು ಧೂಳಾಗಿ ಕೂತರೆ ಡಯಾಟಮ್ ಎಂಬ ಸೂಕ್ಷ್ಮಪಾಚಿ, ಅದು ತಾನಾಗಿ ಹೋಗುತ್ತದೆ.

ಆದ್ದರಿಂದ ಆರಂಭದಲ್ಲಿ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು, ಜಿಎಫ್‌ಓ, ಹಾಕುವುದೇ ಬೇಡ. ನೈಟ್ರೇಟ್ 5–10, ಫಾಸ್ಫೇಟ್ 0.03–0.1 ಇರಲಿ. ಇಳಿದರೆ ಮೀನಿಗೆ ಇನ್ನೊಂದು ಹೊತ್ತು ಊಟ. ದೀಪ ಮೊದಲ ತಿಂಗಳು ದಿನಕ್ಕೆ ಐದಾರು ಗಂಟೆ, ಅದೂ ಬಿಳಿ ಬೆಳಕು ಕಡಿಮೆ. ಕಲ್ಲಿಗೆ ನೇರಳೆ ಕೊರಲೈನ್ ಪಾಚಿ ಹತ್ತಬೇಕೆಂದರೆ ಪರಿಚಿತರ ಆರೋಗ್ಯವಂತ ತೊಟ್ಟಿಯಿಂದ ಒಂದು ಬಸವನಹುಳುವಿನ ಚಿಪ್ಪೋ ಬೆರಳಗಾತ್ರದ ಚೂರೋ ತಂದು ಪಂಪಿನೆದುರು ಇಟ್ಟರಾಯಿತು. ತರುವ ಮೊದಲು ಆ ತೊಟ್ಟಿಯಲ್ಲಿ ಗಾಜಿನ ಹೂವಿನಂಥ ಐಪ್ಟೇಸಿಯ ಎಂಬ ಕಳೆಜೀವಿ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಒಂದು ಬಂದರೆ ವರ್ಷದೊಳಗೆ ನೂರು.